ಸ್ಲೀವ್ ಆಪರೇಷನ್ ಆಗಿ ಮೂರನೇ ವರ್ಷ ಮತ್ತೆ ತಿನ್ನೋಕೆ ಶುರುವಾದಾಗ: ನನ್ನ ಅನುಭವ

2024ರ ಸಂಕ್ರಾಂತಿ ವಾರ. ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮಗಳು ಕಸ ಗುಡಿಸುತ್ತಾ ನನ್ನ ಮಂಚದ ಕೆಳಗಿದ್ದ ತೂಕದ ಮಷೀನನ್ನು ಎಳೆದು ಹೊರಗಿಟ್ಟಳು. ಮೇಲೆಲ್ಲ ಧೂಳು. ಹತ್ತು ತಿಂಗಳಿಂದ ನಾನದನ್ನು ಮುಟ್ಟಿರಲಿಲ್ಲ. ಅವಳು ಸ್ನಾನಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಮಷೀನು ಒರೆಸಿ, ಹತ್ತಿ ನಿಂತೆ. 84 ಕೆ.ಜಿ. ಇಳಿದು, ಸ್ವಲ್ಪ ಪಕ್ಕಕ್ಕೆ ಸರಿಸಿ, ಮತ್ತೆ ಹತ್ತಿದೆ. ಅಷ್ಟೇ ತೋರಿಸಿತು.

2021ರ ಫೆಬ್ರವರಿಯಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಅಡ್ಮಿಟ್ ಆದ ದಿನ ನಾನು 112 ಕೆ.ಜಿ. ಇದ್ದೆ. ಎತ್ತರ 158 ಸೆಂ.ಮೀ. ಶುಗರ್ ಇತ್ತು, ಬಿ.ಪಿ. ಇತ್ತು, ಒಂದು ಮಹಡಿ ಹತ್ತಿದರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ತೂಕ ಇಳಿಸೋಕೆ ಜಠರವನ್ನು ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿದರು. 2022ರ ಜೂನ್ ಹೊತ್ತಿಗೆ 71ಕ್ಕೆ ಬಂದೆ. ಶುಗರ್ ಮಾತ್ರೆ ನಿಂತಿತ್ತು. ಅಲ್ಲಿಂದ ಒಂದೂವರೆ ವರ್ಷದಲ್ಲಿ 13 ಕೆ.ಜಿ. ವಾಪಸ್ ಬಂದಿತ್ತು.

ಆಪರೇಷನ್‌ಗೆ ಮೊದಲು ಏನು ಮಾಡಬೇಕು, ಆದ ಮೇಲೆ ಎಷ್ಟು ದಿನ ಬರೀ ನೀರಿನಂಥದ್ದು, ಎಷ್ಟು ದಿನ ಗಂಜಿಯಂಥದ್ದು, ಯಾವಾಗ ಗಟ್ಟಿ ಊಟ, ಎಲ್ಲವನ್ನೂ ನನಗೆ ಚೆನ್ನಾಗಿ ಹೇಳಿಕೊಟ್ಟಿದ್ದರು. ಮೂರನೇ ವರ್ಷ ಸಂಜೆ ಆರು ಗಂಟೆಗೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ತಿನ್ನೋದು ನಿಲ್ಲಿಸೋಕೆ ಆಗದೆ ಹೋದಾಗ ಏನು ಮಾಡಬೇಕು ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಯೋಕೆ ನನಗೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಈಗ ಅದೇ ಜಾಗದಲ್ಲಿ ನಿಂತಿರುವವರಿಗಾಗಿ ಬರೆಯುತ್ತಿದ್ದೇನೆ.

ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಹಾಗೆ ಒಂದು ಸಣ್ಣ ಕೊಳವೆಯನ್ನಷ್ಟೇ ಉಳಿಸುವುದು. ಹಸಿವು ಎಬ್ಬಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಅವರು ತೆಗೆದುಹಾಕುವ ಆ ಭಾಗದಲ್ಲೇ. ಹಾಗಾಗಿ ಮೊದಲ ವರ್ಷ ನನಗೆ ಹಸಿವು ಅನ್ನೋದೇ ಮರೆತುಹೋಗಿತ್ತು. ಗಡಿಯಾರ ನೋಡಿಕೊಂಡು ತಿನ್ನುತ್ತಿದ್ದೆ. ಎರಡು ಚಮಚ ಜಾಸ್ತಿಯಾದರೆ ಬಿಕ್ಕಳಿಕೆ ಬರುತ್ತಿತ್ತು, ಮೂಗು ಸೋರುತ್ತಿತ್ತು. ಅಲ್ಲಿಗೆ ಚಮಚ ಕೆಳಗಿಡುತ್ತಿದ್ದೆ. ತಿಂಗಳಿಗೆ ಮೂರು ಕೆ.ಜಿ., ನಾಲ್ಕು ಕೆ.ಜಿ. ಇಳಿಯುತ್ತಿತ್ತು. ಅದೆಲ್ಲ ನನ್ನ ಗಟ್ಟಿ ಮನಸ್ಸಿನಿಂದಲೇ ಆಗುತ್ತಿದೆ ಅಂತ ನಾನು ನಂಬಿದ್ದೆ.

ಜೊತೆಗೆ ಜನರ ಮಾತು. ದಾವಣಗೆರೆಯಲ್ಲಿ ನಮ್ಮ ಬಳಗ ದೊಡ್ಡದು, ವರ್ಷಕ್ಕೆ ಹತ್ತಾರು ಮದುವೆ. ಪ್ರತಿ ಮದುವೆಯಲ್ಲೂ ಯಾರಾದರೂ ಕೈ ಹಿಡಿದು, "ಏನವ್ವಾ, ಗುರುತೇ ಸಿಗಲಿಲ್ಲ ನೋಡು!" ಅನ್ನುತ್ತಿದ್ದರು. ಟೈಲರ್ ಹತ್ತಿರ ರವಿಕೆ ಹಿಡಿಸೋಕೆ ಕೊಡುವುದೇ ಒಂದು ಹಬ್ಬ. ಎರಡನೇ ವರ್ಷದ ಹೊತ್ತಿಗೆ ಎಲ್ಲರಿಗೂ ನನ್ನ ಹೊಸ ರೂಪ ಅಭ್ಯಾಸವಾಯಿತು. ಯಾರೂ ಏನೂ ಅನ್ನಲಿಲ್ಲ. ತೂಕ ಇಳಿಯೋದೂ ನಿಂತಿತು. ಬೆಳಿಗ್ಗೆ ಎದ್ದು ಪ್ರೋಟೀನ್ ಪುಡಿ ಕಲಸುವಾಗ, ಯಾಕೆ ಇದೆಲ್ಲ ಅಂತ ಅನಿಸೋಕೆ ಶುರುವಾಯಿತು. ಅದಕ್ಕೆ ಉತ್ತರ ಇರಲಿಲ್ಲ.

ಈಗ ಸಂಜೆಯ ಮಾತಿಗೆ ಬರುತ್ತೇನೆ.

ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮನೆ ಸೇರುವಾಗ ಸಂಜೆ ಆರು. 2023ರ ಜೂನ್‌ನಲ್ಲಿ ಮಗಳು ಪಿಯುಸಿಗೆ ಹಾಸ್ಟೆಲ್ ಸೇರಿದಳು. ಅದಕ್ಕೂ ಮೊದಲು ಆರರಿಂದ ಎಂಟರವರೆಗೆ ಅವಳು ಅಡುಗೆಮನೆ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಓದುತ್ತಿದ್ದಳು, ನಾನು ಚಪಾತಿ ಲಟ್ಟಿಸುತ್ತಿದ್ದೆ. ಅವಳು ಹೋದ ಮೇಲೆ ಆ ಎರಡು ಗಂಟೆ ಖಾಲಿಯಾಯಿತು. ನಮ್ಮ ಮನೆಯವರು ಬರುವುದು ರಾತ್ರಿ ಒಂಬತ್ತಕ್ಕೆ. ಅತ್ತೆ ಟಿ.ವಿ. ಮುಂದೆ ಇರುತ್ತಾರೆ.

ದಾವಣಗೆರೆಯವರ ಮನೆಯಲ್ಲಿ ಮಂಡಕ್ಕಿ ಇಲ್ಲದೆ ಇರುತ್ತಾ? ಊರಲ್ಲಿ ಮಂಡಕ್ಕಿ ಭಟ್ಟಿಗಳೇ ಇವೆ. ನಮ್ಮ ಮನೆಯಲ್ಲಿ ಅದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ, ಒಲೆಯ ಪಕ್ಕದ ಕಟ್ಟೆ ಮೇಲೆ ಇರುತ್ತಿತ್ತು. ಬಂದ ತಕ್ಷಣ ಬ್ಯಾಗ್ ಇಳಿಸಿ, ಚಪ್ಪಲಿ ಬಿಟ್ಟು, ನೇರ ಒಲೆ ಹತ್ತಿರ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ. ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ಒಗ್ಗರಣೆಗೆ. ಮೇಲೆ ಪುಟಾಣಿ ಹಿಟ್ಟು. ಪಕ್ಕದಲ್ಲಿ ಟೀ. ಕೂತು ತಿನ್ನುತ್ತಿರಲಿಲ್ಲ, ಒಲೆ ಮುಂದೆ ನಿಂತೇ ತಿನ್ನುತ್ತಿದ್ದೆ. ಮೊದಲ ಬಟ್ಟಲು ಬಿಸಿ ಬಿಸಿ. ಎರಡನೆಯದು ಅಡುಗೆಗೆ ತರಕಾರಿ ಹೆಚ್ಚುತ್ತಾ. ಆಮೇಲೆ ಬಾಣಲೆಯಲ್ಲಿ ಉಳಿದದ್ದಕ್ಕೆ ಬಟ್ಟಲೂ ಬೇಡ.

ಅರ್ಧ ಜೋಳದ ರೊಟ್ಟಿಗೆ ಬಿಕ್ಕಳಿಕೆ ಬರುವ ಹೊಟ್ಟೆಗೆ ಮೂರು ಬಟ್ಟಲು ಮಂಡಕ್ಕಿ ಹೇಗೆ ಹಿಡಿಯಿತು ಅಂತ ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಹೊಟ್ಟೆ ಹಿಗ್ಗಿಹೋಗಿದೆ, ಆಪರೇಷನ್ ಹಾಳಾಗಿದೆ ಅಂತಲೇ ನಂಬಿದ್ದೆ. ಕಾರಣ ಬೇರೆ ಇತ್ತು. ಮಂಡಕ್ಕಿ, ಬಿಸ್ಕತ್ತು, ಚಿಪ್ಸ್, ರಸ್ಕ್, ಐಸ್‌ಕ್ರೀಮ್ ಇವೆಲ್ಲ ಬಾಯಲ್ಲೇ ಮೆತ್ತಗಾಗಿ ಜಾರಿಬಿಡುತ್ತವೆ. ಆ ಕೊಳವೆಯಲ್ಲಿ ನಿಲ್ಲುವುದಿಲ್ಲ. ಜೊತೆಗೆ ಟೀ ಕುಡಿದರೆ ಇನ್ನೂ ಬೇಗ ಕೆಳಗೆ ಹೋಗುತ್ತದೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿಯೇ ತಲೆಗೆ ಮುಟ್ಟುವುದಿಲ್ಲ. ಕಾಳು, ಪನೀರ್, ಗಟ್ಟಿ ಪಲ್ಯ ಹಾಗಲ್ಲ, ಅವು ಕೂತು ಜಾಗ ಹಿಡಿಯುತ್ತವೆ. ಆಮೇಲೊಂದು ದಿನ ನಾನು ಅಡುಗೆ ತಕ್ಕಡಿಯಲ್ಲಿ ತೂಗಿ ನೋಡಿದೆ. ಮಂಡಕ್ಕಿ 90 ಗ್ರಾಂ, ಶೇಂಗಾ 60 ಗ್ರಾಂ, ಎಣ್ಣೆ ಮೂರು ಟೀ ಚಮಚ. ಎಲ್ಲ ಸೇರಿ 800 ಕ್ಯಾಲೊರಿ ಆಸುಪಾಸು. ಎಂಟಕ್ಕೆ ರಾತ್ರಿ ಊಟ ಬೇರೆ.

ತಿಂದ ಮೇಲೆ ಬರುತ್ತಿದ್ದ ನಾಚಿಕೆಯನ್ನು ಹೇಳೋದು ಕಷ್ಟ. ಬಾಣಲೆಯನ್ನು ಯಾರೂ ನೋಡದ ಹಾಗೆ ತೊಳೆದಿಡುತ್ತಿದ್ದೆ. ಒಂದು ಸಂಜೆ ಅತ್ತೆ ನೀರಿಗೆ ಅಂತ ಒಳಗೆ ಬಂದವರು ನೋಡಿಬಿಟ್ಟರು. "ಅಷ್ಟು ದುಡ್ಡು ಸುರಿದು ಆಪರೇಷನ್ ಮಾಡಿಸ್ಕೊಂಡು ಮತ್ತೆ ಹಿಂಗೆ ತಿಂತೀಯಲ್ಲವ್ವಾ" ಅಂದರು. ಬೈಯೋಕೆ ಹೇಳಿದ್ದಲ್ಲ, ಅವರಿಗೂ ಹೆದರಿಕೆ. ನನಗೆ ಆಗ ಹಾಗೆ ಕೇಳಿಸಲಿಲ್ಲ. ಮರುದಿನದಿಂದ ಬೆಳಿಗ್ಗೆ ತಿಂಡಿ ಬಿಟ್ಟೆ. ಮಧ್ಯಾಹ್ನಕ್ಕೆ ಎರಡು ತುತ್ತು. ರಾತ್ರಿ ತಿಂದದ್ದನ್ನು ಹಗಲು ತೀರಿಸಬೇಕು ಅನ್ನೋದು ನನ್ನ ಲೆಕ್ಕ. ಸಂಜೆ ಆರಕ್ಕೆ ಮನೆಗೆ ಬರುವಾಗ ಕೈ ನಡುಗುತ್ತಿತ್ತು. ಮತ್ತೆ ಬಾಣಲೆ.

ಇದೇ ನಾಚಿಕೆಗೆ ಆಸ್ಪತ್ರೆಯ ಫಾಲೋಅಪ್ ತಪಾಸಣೆಗೂ ಹೋಗಲಿಲ್ಲ. ತೂಕ ಇಳಿಸಿಕೊಂಡೇ ಹೋಗಿ ಮುಖ ತೋರಿಸಬೇಕು ಅಂದುಕೊಂಡೆ. ಅದು ಇಳಿಯಲಿಲ್ಲ, ನಾನು ಹೋಗಲಿಲ್ಲ. ಮಾತ್ರೆಗಳೂ ಒಂದೊಂದಾಗಿ ನಿಂತವು. ಮೊದಲು ಕ್ಯಾಲ್ಸಿಯಂ, ಆಮೇಲೆ ಐರನ್, ಕೊನೆಗೆ ಮಲ್ಟಿವಿಟಮಿನ್. ಹೀಗೇ ತಿಂಗಳುಗಳು ಕಳೆದವು.

ಸಂಕ್ರಾಂತಿಗೆ ತೂಕ ನೋಡಿದ ಮೇಲೆ ಮಗಳಿಗೆ ಹೇಳಿದೆ. ಅವಳ ಮುಂದೆ ಅತ್ತುಬಿಟ್ಟೆ. ಅವಳು ನನ್ನ ಫೋನ್ ತಗೊಂಡು ತಾನೇ ಆಸ್ಪತ್ರೆಗೆ ಫೋನ್ ಮಾಡಿ, ಡಯಟೀಷಿಯನ್ ಹತ್ತಿರ ಫೆಬ್ರವರಿಗೆ ಅಪಾಯಿಂಟ್‌ಮೆಂಟ್ ತಗೊಂಡಳು. "ಅಮ್ಮ, ನೀನು ಮಾರ್ಕ್ಸ್ ಕಡಿಮೆ ಬಂದ್ರೆ ಕ್ಲಾಸಿಗೇ ಹೋಗದಿರೋ ಹುಡುಗಿ ಥರ ಮಾಡ್ತಿದೀಯ" ಅಂದಳು. ನಿಜವಾಗಿಯೂ ಹಾಗೇ ಇತ್ತು.

ಬೈಸಿಕೊಳ್ಳೋಕೆ ಸಿದ್ಧವಾಗಿ ಹೋಗಿದ್ದೆ. ಡಯಟೀಷಿಯನ್ ಮೇಡಂ ತೂಕ ಬರೆದುಕೊಂಡು, ಅದರ ಬಗ್ಗೆ ಏನೂ ಹೇಳದೆ, "ಬೆಳಿಗ್ಗೆ ಎದ್ದ ಮೇಲೆ ಮೊದಲು ತಿನ್ನೋದು ಎಷ್ಟು ಗಂಟೆಗೆ?" ಅಂತ ಕೇಳಿದರು. ಒಂದೂವರೆಗೆ ಅಂದೆ. "ಅದಾದ ಮೇಲೆ?" ಆರಕ್ಕೆ. ಅವರು ಪೆನ್ ಕೆಳಗಿಟ್ಟರು. "ನೀವು ಜಾಸ್ತಿ ತಿಂತಿದೀರಿ ಅಂತ ಬಂದಿದೀರಿ. ನೀವು ಹಗಲಿಡೀ ಉಪವಾಸ ಇದ್ದೀರಿ. ಸಂಜೆ ಬಗ್ಗೆ ಆಮೇಲೆ ನೋಡೋಣ. ಮೊದಲು ಬೆಳಿಗ್ಗೆ ಎಂಟಕ್ಕೆ ತಿಂಡಿ ತಿನ್ನಿ" ಅಂದರು.

ಅಷ್ಟು ದೂರ ಬಂದು ಇನ್ನೂ ತಿನ್ನಿ ಅನ್ನಿಸಿಕೊಂಡಾಗ ನನಗೆ ಸಿಟ್ಟೇ ಬಂತು. 84 ಕೆ.ಜಿ. ಇರುವವಳಿಗೆ ಹೇಳುವ ಮಾತಾ ಇದು ಅನಿಸಿತು. ಈಗ ಹೇಳುತ್ತೇನೆ, ನನ್ನ ಸಂಜೆಯನ್ನು ಉಳಿಸಿದ್ದು ಆ ಎಂಟು ಗಂಟೆಯ ತಿಂಡಿ.

ಅವತ್ತೇ ರಕ್ತ ಕೊಟ್ಟು ಬಂದೆ. ಹಿಮೋಗ್ಲೋಬಿನ್ 9.1. ಬಿ12 ಕಡಿಮೆ, ವಿಟಮಿನ್ ಡಿ ಕಡಿಮೆ, ಐರನ್ ದಾಸ್ತಾನು ಪೂರಾ ಖಾಲಿ. ಮೂರು ತಿಂಗಳ ಶುಗರ್ ಸರಾಸರಿ 6.6, ಅಂದರೆ ಮತ್ತೆ ಶುಗರ್ ಕಾಯಿಲೆಯ ಮಟ್ಟಕ್ಕೆ ಮುಟ್ಟಿತ್ತು. ಜಠರದ ದೊಡ್ಡ ಭಾಗ ಇಲ್ಲದ ಮೇಲೆ ಬಿ12 ಮತ್ತು ಐರನ್ ಊಟದಿಂದ ಸರಿಯಾಗಿ ಹೀರಿಕೊಳ್ಳುವುದಿಲ್ಲ. ತಿನ್ನುವುದೂ ಕಡಿಮೆ. ಅದರಲ್ಲೂ ನಾವು ಸಸ್ಯಾಹಾರಿಗಳು, ಬಿ12 ಮೊದಲೇ ಕಡಿಮೆ. ಅದಕ್ಕೇ ಆ ಮಾತ್ರೆಗಳು ಜೀವನಪೂರ್ತಿ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಿದ್ದರು, ಸಹಿ ಕೂಡ ಹಾಕಿದ್ದೆ.

ಡಾಕ್ಟ್ರು ರಿಪೋರ್ಟ್ ನೋಡಿ, "ಈ ರಕ್ತ ಇಟ್ಟುಕೊಂಡು ಯಾರಿಗಾದ್ರೂ ವಾಕಿಂಗ್ ಹೋಗೋಕೆ ಮನಸ್ಸು ಬರುತ್ತಾ?" ಅಂದರು. ಆ ಮಾತಿಗೆ ನನಗೆ ಅಳು ಬಂತು. ಒಂದು ವರ್ಷದಿಂದ ನಾನು ಸೋಮಾರಿ, ನನಗೆ ಛಲ ಇಲ್ಲ, ನಾನೇ ಕೆಟ್ಟವಳು ಅಂತ ನನ್ನನ್ನು ನಾನೇ ಬೈದುಕೊಂಡಿದ್ದೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿದ್ದುದನ್ನು ತೂಕದ ತಲೆಗೆ ಕಟ್ಟಿದ್ದೆ. ಐರನ್ ಅನ್ನು ಡ್ರಿಪ್‌ನಲ್ಲಿ ಹಾಕಿದರು, ಬಿ12 ಇಂಜೆಕ್ಷನ್ ಶುರು ಮಾಡಿದರು. ಆರೇಳು ವಾರದಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ವ್ಯತ್ಯಾಸ ಗೊತ್ತಾಯಿತು. ಆಪರೇಷನ್ ಆಗಿ ಹುಮ್ಮಸ್ಸು ಹೋಗಿದೆ ಅನ್ನುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಕೊನೆಯ ಸಲ ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು?

ಇನ್ನೊಂದು ಮಾತು ಡಾಕ್ಟ್ರು ಹೇಳಿದರು. ಸ್ವಲ್ಪ ತೂಕ ವಾಪಸ್ ಬರುವುದು ಎಲ್ಲ ಕಡೆಯೂ ನೋಡಿರುವ ವಿಷಯ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಇದೆ. ಆಗಿನ ಆಪರೇಷನ್‌ಗಳು ಬೇರೆ ಥರದವು. ಅಲ್ಲೂ ಒಂದೆರಡು ವರ್ಷದಲ್ಲಿ ತೂಕ ತೀರಾ ಕೆಳಗೆ ಬಂದು, ಆಮೇಲೆ ನಿಧಾನವಾಗಿ ಸ್ವಲ್ಪ ಏರಿ, ಎಂಟು ಹತ್ತು ವರ್ಷಕ್ಕೆ ಒಂದು ಕಡೆ ನಿಂತಿತು. ಆಪರೇಷನ್ ಆಗದವರಿಗಿಂತ ಆಗಲೂ ಎಷ್ಟೋ ಕಡಿಮೆ. ತೂಕ ಕಳೆದುಕೊಂಡ ದೇಹ ಅದನ್ನು ವಾಪಸ್ ಕೇಳುತ್ತದೆ, ಕಡಿಮೆ ಖರ್ಚಿನಲ್ಲಿ ನಡೆಯೋದು ಕಲಿತುಕೊಳ್ಳುತ್ತದೆ. ಅದರ ಜೊತೆ ಜಗಳ ಆಡಿ ಗೆಲ್ಲೋಕೆ ಆಗಲ್ಲ ಅಂತ ಗೊತ್ತಾದ ಮೇಲೆ ನನಗೆ ಅರ್ಧ ಭಾರ ಇಳಿಯಿತು.

ನಾನು ಮಾಡಿದ್ದನ್ನು ಈಗ ಹೇಳುತ್ತೇನೆ. ಮೊದಲ ಒಂದು ತಿಂಗಳು ಏನನ್ನೂ ಬಿಡಲಿಲ್ಲ. ಮಂಡಕ್ಕಿಯನ್ನೂ ಬಿಡಲಿಲ್ಲ. ಹೊತ್ತು ಹೊತ್ತಿಗೆ ತಿನ್ನೋದಷ್ಟೇ ಕೆಲಸ. ಎಂಟಕ್ಕೆ, ಹನ್ನೊಂದಕ್ಕೆ, ಒಂದೂವರೆಗೆ, ಐದಕ್ಕೆ, ಎಂಟಕ್ಕೆ. ಹಿಂದಿನ ದಿನ ಎಷ್ಟೇ ತಿಂದಿರಲಿ, ಮರುದಿನ ಎಂಟಕ್ಕೆ ತಿಂಡಿ ತಪ್ಪುವ ಹಾಗಿಲ್ಲ. ಇದು ನನಗೆ ಎಷ್ಟು ಕಷ್ಟವಾಯಿತು ಅಂದರೆ, ಮೊದಲ ವಾರ ತಟ್ಟೆ ಮುಂದೆ ಇಟ್ಟುಕೊಂಡು ಹೆದರಿ ಕೂತಿದ್ದೇನೆ.

ಬೆಳಿಗ್ಗೆಗೆ ಹೆಸರುಕಾಳು ದೋಸೆ ಎರಡು ಸಣ್ಣವು, ಜೊತೆಗೆ ಗಟ್ಟಿ ಮೊಸರು. ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ರುಬ್ಬಿದರೆ ಆಯಿತು, ಹುದುಗೋದು ಬೇಕಿಲ್ಲ. ಅಕ್ಕಿ ಹಾಕದೆ ಮಾಡುತ್ತೇನೆ. ಹನ್ನೊಂದಕ್ಕೆ ಆಫೀಸಿನಲ್ಲಿ ಒಂದು ಲೋಟ ಹಾಲಿಗೆ ಪ್ರೋಟೀನ್ ಪುಡಿ. ಮಧ್ಯಾಹ್ನ ಮೊದಲು 50 ಗ್ರಾಂ ಪನೀರ್, ಆಮೇಲೆ ಕಾಳು ಪಲ್ಯ, ಜಾಗ ಉಳಿದರೆ ಅರ್ಧ ರೊಟ್ಟಿ. ಈ ಕ್ರಮ ತಪ್ಪಿಸುವುದಿಲ್ಲ. ರೊಟ್ಟಿ ಮೊದಲು ತಿಂದರೆ ಕಾಳಿಗೆ ಜಾಗ ಇರುವುದಿಲ್ಲ. ರಾತ್ರಿ ಗಟ್ಟಿ ಬೇಳೆ ಅಥವಾ ಸೋಯಾ ಚಂಕ್ಸ್ ಪಲ್ಯ. ದಿನಕ್ಕೆ 60 ಗ್ರಾಂ ಪ್ರೋಟೀನ್ ಅಂತ ನನಗೆ ಹೇಳಿದ್ದರು. ಮೊದಲ ವಾರ ಲೆಕ್ಕ ಹಾಕಿದಾಗ 30 ಕೂಡ ಮುಟ್ಟುತ್ತಿರಲಿಲ್ಲ. ಸಸ್ಯಾಹಾರಿಗಳಿಗೆ ಇದು ತಾನಾಗಿ ಆಗುವ ಕೆಲಸ ಅಲ್ಲ, ಕೂತು ಲೆಕ್ಕ ಹಾಕಲೇಬೇಕು.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಐದು ಗಂಟೆಯದು. ಅದನ್ನು ಮನೆಯಲ್ಲಿ ತಿನ್ನುವುದಿಲ್ಲ. ಆಫೀಸಿನ ಮೇಜಿನ ಡ್ರಾಯರ್‌ನಲ್ಲಿ ಒಂದು ಸಣ್ಣ ಡಬ್ಬಿ ಇದೆ, ಅದರಲ್ಲಿ ಹುರಿಗಡಲೆ 30 ಗ್ರಾಂ, ಜೊತೆಗೆ ಒಂದು ಸೀಬೆಹಣ್ಣೋ ಸೌತೆಕಾಯಿಯೋ. ಲೆಡ್ಜರ್ ಮುಚ್ಚಿಟ್ಟು, ಕೈ ತೊಳೆದು, ನಿಧಾನವಾಗಿ ಅಗಿದು ತಿನ್ನುತ್ತೇನೆ. ಹುರಿಗಡಲೆ ಅಗಿಯದೆ ನುಂಗೋಕೆ ಆಗಲ್ಲ ಅಲ್ವಾ, ಅದೇ ಅದರ ಗುಣ. ಹತ್ತು ನಿಮಿಷ ಆಗುತ್ತದೆ. ಆರಕ್ಕೆ ಮನೆಗೆ ಬಂದಾಗ ಕೈ ನಡುಗುವುದು ಒಂದೇ ವಾರದಲ್ಲಿ ನಿಂತಿತು. ಮಂಡಕ್ಕಿ ಡಬ್ಬಿ ಅಲ್ಲೇ ಇತ್ತು. ಅದರ ಕಡೆ ಕೈ ಹೋಗುತ್ತಿತ್ತು, ಆದರೆ ಮೊದಲಿನ ಹಾಗೆ ಎಳೆದುಕೊಂಡು ಹೋಗುತ್ತಿರಲಿಲ್ಲ. ಮೂರು ಬಟ್ಟಲು ಒಂದೂವರೆ ಆಯಿತು, ಆಮೇಲೆ ಒಂದಾಯಿತು.

ಉಳಿದ ಒಂದು ಬಟ್ಟಲು ಹಸಿವಿನದಲ್ಲ ಅಂತ ಆಗ ಗೊತ್ತಾಯಿತು. ಹೊಟ್ಟೆಯ ಹಸಿವು ನಿಧಾನವಾಗಿ ಬರುತ್ತದೆ, ರೊಟ್ಟಿ ಕೊಟ್ಟರೂ ಸರಿ ಅನ್ನುತ್ತದೆ. ನನ್ನದು ಬೀಗ ತೆಗೆದ ಕೂಡಲೇ ಬರುತ್ತಿತ್ತು, ಮಂಡಕ್ಕಿಯೇ ಬೇಕು ಅನ್ನುತ್ತಿತ್ತು. ಡಯಟೀಷಿಯನ್ ಮೇಡಂ ಇದು ತಮ್ಮ ಕೆಲಸ ಅಲ್ಲ ಅಂತ ಹೇಳಿ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ನಾಲ್ಕು ಸಲ ಮಾತಾಡಿದೆ, ಮೂರು ಸಲ ವಿಡಿಯೋ ಕಾಲ್‌ನಲ್ಲಿ. ಅವರು ಕೇಳಿದ ಒಂದು ಪ್ರಶ್ನೆ ಸಾಕಾಯಿತು. "ಆ ಹೊತ್ತಲ್ಲಿ ಮೊದಲು ಏನು ಮಾಡ್ತಿದ್ರಿ?" ನಾನು ಚಾಪೆಯ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು. ಮಗಳು ಹೋದ ದುಃಖವನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಓದೋಕೆ ಹೋದವಳ ಬಗ್ಗೆ ಅಳೋದೇನು ಅಂತ ಸುಮ್ನೆ ಇದ್ದೆ.

ಮಾತಾಡೋಕೆ ಯಾರೂ ಇಲ್ಲದ ಊರಲ್ಲಿರುವವರಿಗೆ ಒಂದು ಮಾತು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆಪರೇಷನ್ ಆದ ಮೇಲೆ ಮನಸ್ಸು ಕುಗ್ಗುವುದು, ಬದುಕೇ ಬೇಡ ಅನಿಸುವುದು ಕೆಲವರಿಗೆ ಆಗುತ್ತದೆ. ಇನ್ನು ಕೆಲವರಿಗೆ ತಿನ್ನೋದು ಹೋದ ಜಾಗಕ್ಕೆ ಕುಡಿತ ಬಂದು ಕೂರುತ್ತದೆ. ಈ ಹೊಟ್ಟೆಗೆ ಮದ್ಯ ಬೇಗ ಏರುತ್ತದೆ ಕೂಡ. ಇವೆರಡರಲ್ಲಿ ಯಾವುದಾದರೂ ಸರಿ, ಒಂದು ದಿನವೂ ಮುಚ್ಚಿಡಬೇಡಿ.

ಆ ಎರಡು ಗಂಟೆಗೆ ಬೇರೆ ಏನಾದರೂ ಬೇಕಿತ್ತು. ಮನೆಗೆ ಹೋಗಿ, ಬಟ್ಟೆ ಬದಲಿಸಿ ವಾಕಿಂಗ್ ಹೋಗುತ್ತೇನೆ ಅಂತ ಎರಡು ವಾರ ಪ್ರಯತ್ನಪಟ್ಟೆ. ಒಂದು ದಿನವೂ ಆಗಲಿಲ್ಲ. ಮನೆ ಒಳಗೆ ಕಾಲಿಟ್ಟ ಮೇಲೆ ಹೊರಗೆ ಬರೋಕೆ ಮನಸ್ಸೇ ಬರುವುದಿಲ್ಲ. ಆಮೇಲೆ ಶೂ ಆಫೀಸಿಗೇ ತಗೊಂಡು ಹೋದೆ. ಸ್ಕೂಟಿಯನ್ನು ಮನೆ ಕಡೆ ತಿರುಗಿಸದೆ ನೇರ ಕುಂದವಾಡ ಕೆರೆಗೆ. ಪಕ್ಕದ ಬೀದಿಯ ಒಬ್ಬ ಅಕ್ಕ ದಿನಾ ಅಲ್ಲಿಗೆ ಬರುತ್ತಾರೆ. ನಾನು ಬರದಿದ್ದರೆ ಫೋನ್ ಮಾಡುತ್ತಾರೆ. ಏರಿ ಮೇಲೆ ಅರ್ಧ ಗಂಟೆ ನಡೆಯುತ್ತೇವೆ, ಮಾತಾಡುತ್ತೇವೆ. ಮನಸ್ಸು ಇದೆಯೋ ಇಲ್ಲವೋ ಅಂತ ಕೇಳಿಕೊಳ್ಳುವಷ್ಟರಲ್ಲಿ ಸ್ಕೂಟಿ ಕೆರೆ ಹತ್ತಿರ ನಿಂತಿರುತ್ತದೆ. ಮೊದಲ ವರ್ಷ ನನ್ನಲ್ಲಿದ್ದ ಆ ಹುಮ್ಮಸ್ಸು ಮತ್ತೆ ಬರಲೇ ಇಲ್ಲ. ಬರುತ್ತದೆ ಅಂತ ಕಾಯೋದನ್ನೇ ಬಿಟ್ಟೆ. ಹಲ್ಲುಜ್ಜೋಕೆ ಯಾರೂ ಹುಮ್ಮಸ್ಸಿಗೆ ಕಾಯುವುದಿಲ್ಲವಲ್ಲ.

ಮಂಡಕ್ಕಿಯನ್ನು ಪೂರ್ತಿ ಬಿಡಿ ಅಂತ ತುಂಬಾ ಜನ ಹೇಳಿದರು. ನಾನು ಬಿಟ್ಟಿಲ್ಲ. ಬಿಟ್ಟ ದಿನಗಳಲ್ಲೇ ಅದು ತಲೆಯಲ್ಲಿ ಜಾಸ್ತಿ ಇರುತ್ತಿತ್ತು. ಈಗ ಶನಿವಾರ ಸಂಜೆ ತಿನ್ನುತ್ತೇನೆ, ಎಲ್ಲರ ಜೊತೆ, ಕೂತು. ಮೊದಲು ಮೊಳಕೆ ಹೆಸರುಕಾಳು ಒಂದು ಬಟ್ಟಲು, ಆಮೇಲೆ ಅದೇ ಬಟ್ಟಲಲ್ಲಿ ಮಂಡಕ್ಕಿ. ಜೊತೆಗೆ ಟೀ ಇಲ್ಲ, ನೀರೂ ಇಲ್ಲ. ಅರ್ಧ ಗಂಟೆ ಬಿಟ್ಟು ಟೀ. ಕಾಳು ಒಳಗೆ ಕೂತಿದ್ದರೆ ಮಂಡಕ್ಕಿಗೂ ಬಿಕ್ಕಳಿಕೆ ಬರುತ್ತದೆ. ಮೊದಲ ಸಲ ಆ ಬಿಕ್ಕಳಿಕೆ ಬಂದಾಗ, ಕಳೆದುಹೋಗಿದ್ದ ಏನೋ ಸಿಕ್ಕಿದ ಹಾಗೆ ಆಯಿತು. ನನ್ನ ಹೊಟ್ಟೆ ಹಾಳಾಗಿರಲಿಲ್ಲ. ನಾನು ಅದಕ್ಕೆ ಮಾತಾಡೋಕೆ ಬಿಟ್ಟಿರಲಿಲ್ಲ ಅಷ್ಟೇ.

ಅತ್ತೆಯ ಬಗ್ಗೆ ಹೇಳಲೇಬೇಕು. ಒಂದು ಭಾನುವಾರ ಕೂತು, ಆಪರೇಷನ್‌ನಲ್ಲಿ ಏನು ತೆಗೆದಿದ್ದಾರೆ, ಯಾಕೆ ಸಂಜೆ ಹೀಗಾಗುತ್ತದೆ, ನನಗೆ ಯಾವ ಮಾತು ನೋಯಿಸುತ್ತದೆ ಅಂತ ಬಿಡಿಸಿ ಹೇಳಿದೆ. ಅವರು ಸುಮ್ಮನೆ ಕೇಳಿದರು. ಮರುದಿನ ನೋಡಿದರೆ ಮಂಡಕ್ಕಿ ಡಬ್ಬಿ ಒಲೆ ಪಕ್ಕ ಇರಲಿಲ್ಲ. ತಮ್ಮ ಕೋಣೆಯ ಅಟ್ಟಕ್ಕೆ ಏರಿಸಿದ್ದರು. "ಬೇಕಂದ್ರೆ ಕೇಳವ್ವಾ, ನಾನೇ ಇಳಿಸಿ ಕೊಡ್ತೀನಿ" ಅಂದರು. ಕಾವಲು ಕಾಯುತ್ತಾರೆ ಅಂತ ನನಗೆ ಅನಿಸಲಿಲ್ಲ. ಜೊತೆಗಿದ್ದಾರೆ ಅನಿಸಿತು. ಮದುವೆ ಮನೆಗಳಲ್ಲಿ ಯಾರಾದರೂ ಎಲೆಗೆ ಇನ್ನೊಂದು ಹೋಳಿಗೆ ಹಾಕೋಕೆ ಬಂದರೆ ಈಗ ಅವರೇ ಕೈ ಅಡ್ಡ ಹಿಡಿಯುತ್ತಾರೆ.

ತೂಕ ಭಾನುವಾರ ಬೆಳಿಗ್ಗೆ ಮಾತ್ರ ನೋಡುತ್ತೇನೆ. ದಿನಾ ನೋಡಿದರೆ ಉಪ್ಪು, ನೀರು, ತಿಂಗಳ ಮುಟ್ಟು ಎಲ್ಲದಕ್ಕೂ ಮುಳ್ಳು ಅಲ್ಲಾಡುತ್ತದೆ, ಮನಸ್ಸೂ ಅಲ್ಲಾಡುತ್ತದೆ. ತೀರಾ ನೋಡದೆ ಇದ್ದರೆ ಹತ್ತು ತಿಂಗಳು ಹೇಗೆ ಕಳೆಯುತ್ತದೆ ಅಂತ ನನಗೆ ಗೊತ್ತು. ಬರೆದಿಡುವ ಪುಸ್ತಕದಲ್ಲಿ ತೂಕದ ಪಕ್ಕ ಇನ್ನೆರಡು ಕಲಂ ಇವೆ. ಆ ವಾರ ಎಂಟಕ್ಕೆ ತಿಂಡಿ ಎಷ್ಟು ದಿನ ಆಯಿತು, ಕೆರೆಗೆ ಎಷ್ಟು ದಿನ ಹೋದೆ. ತೂಕ ಇಳಿಯದ ವಾರವೂ ಆ ಕಲಂಗಳು ತುಂಬಿರುತ್ತವೆ.

ಮಾತ್ರೆಗಳಿಗೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಐರನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ತಗೊಳ್ಳುವ ಹಾಗಿಲ್ಲ, ಕನಿಷ್ಠ ಎರಡು ಗಂಟೆ ಅಂತರ ಬೇಕು. ಐರನ್ ಜೊತೆ ಟೀ ಕೂಡ ಬೇಡ. ಇನ್ನು, ಎರಡು ಮೂರು ದಿನ ಬಿಡದೆ ವಾಂತಿ ಆದರೆ ಏನೋ ತಿಂದದ್ದು ಜಾಸ್ತಿಯಾಯಿತು ಅಂತ ಮನೆಯಲ್ಲಿ ಕೂರಬೇಡಿ. ಬಿ1 ವಿಟಮಿನ್ ಬೇಗ ಖಾಲಿಯಾಗಿ ನರಗಳಿಗೆ ತೊಂದರೆ ಆಗುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಿ.

ತೂಕ ಇಳಿಸುವ ಇಂಜೆಕ್ಷನ್‌ಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. 2025ರಲ್ಲಿ ಮೌಂಜಾರೊ, ವೆಗೋವಿ ಎರಡೂ ನಮ್ಮ ದೇಶಕ್ಕೆ ಬಂದವು. ಆಪರೇಷನ್ ಆದ ಮೇಲೆ ತೂಕ ವಾಪಸ್ ಬಂದವರಿಗೂ ಕೆಲವು ಡಾಕ್ಟ್ರು ಕೊಡುತ್ತಾರೆ. ನನಗೆ ಸದ್ಯಕ್ಕೆ ಬೇಡ ಅಂದರು. ಬೇಕಾದವರು ತಗೊಳ್ಳುವುದರಲ್ಲಿ ಸೋಲು ಏನೂ ಇಲ್ಲ. ಆದರೆ ನಿಮ್ಮ ಆಪರೇಷನ್ ಗೊತ್ತಿರುವ ಡಾಕ್ಟ್ರನ್ನು ಕೇಳದೆ ಸ್ವಂತಕ್ಕೆ ಶುರು ಮಾಡಬೇಡಿ. ಮೊದಲೇ ಕಡಿಮೆ ತಿನ್ನುವ ನಾವು ಇನ್ನೂ ಕಡಿಮೆ ತಿಂದರೆ ಪ್ರೋಟೀನ್ ಎಲ್ಲಿಂದ ಬರಬೇಕು?

2024ರ ದೀಪಾವಳಿಯಲ್ಲಿ ಎಡವಿದೆ. ಮೂರು ದಿನ. ಕರ್ಜಿಕಾಯಿ, ಚಕ್ಕುಲಿ, ಶೇಂಗಾ ಉಂಡೆ. ಮಗಳೂ ಬಂದಿದ್ದಳು, ಮನೆ ತುಂಬಾ ಜನ, ಕೆರೆಗೂ ಹೋಗಲಿಲ್ಲ. ಮೂರನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಹೋಗಿ ನಿಂತುಕೊಂಡೇ ಚಕ್ಕುಲಿ ತಿಂದೆ. ಎಷ್ಟು ಅಂತ ಎಣಿಸಲಿಲ್ಲ. ಹಾಸಿಗೆಗೆ ಬಂದು ಮಲಗಿದಾಗ ಹಳೆಯ ಲೆಕ್ಕ ತಲೆಯಲ್ಲಿ ತಾನಾಗಿ ಶುರುವಾಯಿತು. ನಾಳೆ ತಿಂಡಿ ಬೇಡ, ಮಧ್ಯಾಹ್ನ ಬರೀ ಮಜ್ಜಿಗೆ, ನಾಡಿದ್ದೂ ಹಾಗೇ. ಎದ್ದು ಅಡುಗೆಮನೆಗೆ ಹೋದೆ. ದೀಪ ಹಾಕಿ, ಹೆಸರುಕಾಳು ಅಳೆದು ನೀರಿಗೆ ಹಾಕಿ ಮುಚ್ಚಿಟ್ಟೆ. ಬೆಳಿಗ್ಗೆ ಮಗಳು ದೋಸೆ ಹುಯ್ದಳು. ಎಂಟು ಗಂಟೆಗೆ ಎರಡು ದೋಸೆ, ಮೊಸರು ತಿಂದೆ. ಎರಡನೆಯದರ ಕೊನೆಯಲ್ಲಿ ಮೂಗು ಸೋರಿತು. ಉಳಿದ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಆ ಸಂಜೆ ಸ್ಕೂಟಿಯಲ್ಲಿ ಮಗಳೂ ಹಿಂದೆ ಕೂತಿದ್ದಳು, ಕೆರೆ ಏರಿ ಮೇಲೆ ಎರಡು ಸುತ್ತು ಹೋದೆವು.

ಈಗ 77 ಇದ್ದೇನೆ.